ತಾತ ಓದಿ ಹೇಳಿದ ಕಾಗದ

ಮೈದಾ ಅಂಟಿನ ವಾಸನೆ ಬಂದರೆ ಇವತ್ತಿಗೂ ಚಾಮರಾಜಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಪ್ಪತ್ತೊಂದರ ಯುದ್ಧ ನಡೆಯುತ್ತಿತ್ತು. ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾಗಿದ್ದ ತಾತ, ರಾತ್ರಿ ಮನೆಯ ಬೆಳಕು ಶತ್ರು ವಿಮಾನಗಳಿಗೆ ಕಾಣದಿರಲೆಂದು, ಕಿಟಕಿಯ ಗಾಜುಗಳಿಗೆ ಮೈದಾ ಅಂಟು ಬಳಿದು ಕಪ್ಪು ಪೇಪರ್ ಅಂಟಿಸುತ್ತಿದ್ದರು.

"ಇದು ಮುಗಿದ್ಮೇಲೆ ಇನ್ಯಾವತ್ತೂ ಯುದ್ಧ ಇರಲ್ವಾ ತಾತ?" ಅಂದೆ.

"ಒಪ್ಪಂದ ಆಯ್ತು, ಶಾಂತಿ ಬಂತು ಅಂತ ಮೂವತ್ತು ವರ್ಷ ಪಾಠ ಮಾಡ್ದೆ ಮಗು. ಮುಂದಿನ ಪಾಠದಲ್ಲಿ ಮತ್ತೆ ಯುದ್ಧಾನೇ ಇರ್ತಿತ್ತು."

ಅಷ್ಟರಲ್ಲಿ ಪಕ್ಕದ ಮನೆಯ ಕಮಲಮ್ಮ ಗಡಿಯಲ್ಲಿದ್ದ ಮಗನ ಕಾಗದ ಹಿಡಿದು ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಯಾವಾಗ ಬರ್ತಾನಂತೆ ಮೇಷ್ಟ್ರೇ?"

ತಾತ ಬಹಳ ಹೊತ್ತು ಕಾಗದ ನೋಡಿ, "ಯುದ್ಧ ಮುಗೀತಿದ್ದಂಗೆ ಬರ್ತಾನಂತೆ ಕಣಮ್ಮ" ಅಂದರು.

ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ನನಗೆ ಆಗಲೇ ಓದಲು ಬರುತ್ತಿತ್ತು. ತಾತನ ಪಕ್ಕದಿಂದ ಇಣುಕಿದ್ದೆ. ಬರುತ್ತೇನೆ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.