ಎರಡು ಮಹಡಿ ಮೇಲಿನ ಟ್ರೇ

ಫೈಲಿನ ಕೊನೆಯ ಪುಟಕ್ಕೆ ಅಂಟಿಕೊಂಡಿದ್ದ ಹಳದಿ ಚೀಟಿಯನ್ನು ಕಂಡವಳೇ ಅದರ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಅಕ್ಷರ ತನ್ನದೇ. ಎರಡು ತಿಂಗಳ ಹಿಂದೆ ಇದೇ ಮೇಜಿನ ಮುಂದೆ ಕೂತು ಬರೆದದ್ದು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಫೈಲು ಓದಿ ರೋಗಗಳಿಗೆ ಕೋಡ್ ಸಂಖ್ಯೆ ಹಾಕುವುದು ಅವಳ ಕೆಲಸ. ಡಾಕ್ಟರ್ ಬರೆದದ್ದಕ್ಕಷ್ಟೇ ಹಾಕಬೇಕು, ನರ್ಸ್ ಬರೆದದ್ದಕ್ಕೆ ಹಾಕುವಂತಿಲ್ಲ. ಎರಡೂ ತಾಳೆಯಾಗದಿದ್ದರೆ ಚೀಟಿ ಬರೆದು ಡಾಕ್ಟರ ಟ್ರೇಗೆ ಹಾಕಿ ಕಾಯಬೇಕು. ಅಂದು ಡಾಕ್ಟರ್ ಬರೆದದ್ದು ‘ಕಾಲಿನ ಗಾಯ’ ಎಂದಷ್ಟೇ, ನರ್ಸ್ ಬರೆದದ್ದು ಬೇರೆ. ಚೀಟಿಯೇನೋ ಬರೆದಳು. ಆದರೆ ಟ್ರೇ ಇದ್ದದ್ದು ಎರಡು ಮಹಡಿ ಮೇಲೆ, ಮುಂದೆ ಫೈಲುಗಳ ರಾಶಿ. ಗಾಯದ ಕೋಡನ್ನೇ ಒತ್ತಿ ಮುಗಿಸಿದ್ದಳು.

“ಟೈಲರ್ ಫೈಲು ಅಕ್ಕಾ, ಇವತ್ತು ಮನೆಗೆ ಕಳಿಸಿದ್ವಿ,” ಎಂದಳು ಫೈಲು ತಂದ ನರ್ಸ್. “ಕಾಲು ತೆಗೆದಾಯ್ತು, ಮೊಣಕಾಲ ಕೆಳಗೆ ಏನೂ ಇಲ್ಲ. ಆದ್ರೂ ಎಡಗಾಲಿನ ಹೆಬ್ಬೆರಳು ತುರಿಸ್ತಿದೆ, ಸ್ವಲ್ಪ ಕೆರೀರಮ್ಮಾ ಅಂತಾರೆ. ಬೆರಳು ಕಪ್ಪಾಗಿದೆ ಅಂತ ನಾನು ಎರಡು ತಿಂಗಳ ಹಿಂದೇನೇ ಬರ್ದಿದ್ದೆ. ಯಾರಾದ್ರೂ ಡಾಕ್ಟರನ್ನ ಒಂದು ಮಾತು ಕೇಳಿದ್ರೆ...”

ಅಂಗೈ ಕದಲಲಿಲ್ಲ.

ನರ್ಸ್ ಹೋದಳು. ಈ ಸಲ ಡಾಕ್ಟರ್ ಸ್ಪಷ್ಟವಾಗಿ ಬರೆದಿದ್ದರು: ಎಡಪಾದದ ಗ್ಯಾಂಗ್ರೀನ್. ಅವಳು ಕೋಡ್ ಒತ್ತಿದಳು. ಯಾವ ಕಡೆ ಎಂದು ಕಂಪ್ಯೂಟರ್ ಕೇಳಿತು. ಎಡ. ಪರದೆಯ ಮೇಲೆ ಹಸಿರು ಗುರುತು ಬಿತ್ತು, ಒಂದು ತಪ್ಪೂ ಇಲ್ಲ.

ಆ ಹಳೆಯ ಚೀಟಿಯನ್ನು ಕಿತ್ತು, ಎರಡು ಮಹಡಿ ಹತ್ತಿ, ಡಾಕ್ಟರ ಟ್ರೇಯಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು: ‘ಹೆಬ್ಬೆರಳು ಕಪ್ಪಾಗಿದೆಯಂತೆ. ದಯವಿಟ್ಟು ಇನ್ನೊಮ್ಮೆ ಕಾಲು ನೋಡುವಿರಾ?’