ಪಕ್ಕದ ಮೇಜು

ಕುದುರೆಗೆ ಆಪರೇಷನ್ ಮಾಡುವಾಗ ಅದರ ಜಾಕಿಯನ್ನು ಪಕ್ಕದ ಮೇಜಿಗೆ ಕಟ್ಟುವುದು ವಾಡಿಕೆ. ಕುದುರೆಯ ನೋವನ್ನು ಅವನಿಗೆ ದಾಟಿಸಬಹುದಿತ್ತೇ ಹೊರತು ಅಳಿಸಲು ಬರುತ್ತಿರಲಿಲ್ಲ.

ಡಾಕ್ಟರ್ ನಸೀಮಾ ಎಕ್ಸ್‌ರೇ ಎತ್ತಿ ಹಿಡಿದರು. ಕುದುರೆಯ ಬೆನ್ನೆಲುಬಿನ ಮಣಿಗಳು ಒಂದಕ್ಕೊಂದು ಉಜ್ಜಿ ಸವೆದಿದ್ದವು.

“ಜೀನು ಬಿಗಿಯೋವಾಗ ಒದೀತಿತ್ತಾ?”

“ಒದೀತಿತ್ತು ಮೇಡಂ, ಕೊಬ್ಬು. ನಾಲ್ಕು ಬಾರಿಸಿದ್ರೆ ಸರಿಹೋಗ್ತಿತ್ತು,” ಎಂದ ಪಕ್ಕದ ಮೇಜಿಗೆ ಕಟ್ಟಿದ್ದ ಜಾಕಿ ಕುಶಾಲ. ಕಂಕುಳಲ್ಲಿ ಚಾವಟಿ ಸಿಕ್ಕಿಸಿಕೊಂಡಿದ್ದ ಟ್ರೇನರ್ ಉತ್ತಯ್ಯ ಹೌದೆಂದು ತಲೆಯಾಡಿಸಿದ.

ಉಳಿ ಮೊದಲ ಎಲುಬನ್ನು ಕಡಿದಾಗ ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ಕುಶಾಲ ನಾಲಿಗೆ ಕಚ್ಚಿಕೊಂಡು ರಕ್ತ ಕಾರುತ್ತ ಚೀರಿದ. ಎರಡನೆಯ ಏಟಿಗೆ ಪಟ್ಟಿ ಹರಿದು ಝಾಡಿಸಿ ಒದ್ದ. ಕಾಲ ಬಳಿ ಬಗ್ಗಿದ್ದ ಉತ್ತಯ್ಯನ ಎರಡು ಹಲ್ಲು ಉದುರಿದವು.

“ಪಾಪ, ನೋವಿಗೆ ಒದ್ದಿದಾನೆ,” ಎಂದರು ಡಾಕ್ಟರ್.

ಉತ್ತಯ್ಯ ರಕ್ತ ಉಗಿದು ಚಾವಟಿ ಎತ್ತಿದ.

“ನೋವಲ್ಲ ಮೇಡಂ, ಕೊಬ್ಬು.”