ಎರಡನೆಯ ತಂತಿ

ಹೊಸ ಬಾರ್‌ಕೋಡ್ ರೀಡರಿನ ತಂತಿಯ ಮೂತಿ ಚಪ್ಪಟೆ; ಹಳೆಯ ಕಂಪ್ಯೂಟರಿನ ಬೆನ್ನಲ್ಲಿದ್ದದ್ದು ದುಂಡು ತೂತು. ಮ್ಯಾನೇಜರ್ ಇದನ್ನು ಕಂಪ್ಯೂಟರಿನ ಹಟವೆಂದೇ ತಿಳಿದಿದ್ದ.

“ಒತ್ತಿ ಅಮ್ಮಾ, ಇನ್ನೂ ಒತ್ತಿ!” ಎಂದು ನಿಂತಲ್ಲಿಂದಲೇ ಕೂಗಿದ. ಇಸ್ತ್ರಿ ಪ್ಯಾಂಟು, ಬಗ್ಗುವಂತಿರಲಿಲ್ಲ. ಮೇಜಿನಡಿ ನುಸುಳಿದ್ದವಳು ಗುಮಾಸ್ತೆ. ಹೊಲಿಗೆ ಯಂತ್ರದ ಬಿಡಿಭಾಗಗಳ ಆ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪೊಟ್ಟಣಗಳ ಮೇಲಿನ ನಂಬರನ್ನು ನೋಡಿ ಕಂಪ್ಯೂಟರಿಗೆ ಕುಟ್ಟುತ್ತಿದ್ದವಳು.

“ಒತ್ತಿದ್ರೆ ಹೋಗಲ್ಲ ಸಾರ್. ಮಧ್ಯೆ ಒಂದು ಕನೆಕ್ಟರ್ ಬೇಕು ಅಂತ ಹೋದ ವಾರವೇ ಹೇಳಿದ್ದೆ.”

“ಹೇಳೋದು ನನ್ನ ಕೆಲಸ. ಕರೆಂಟಿನ ತಂತಿ ನಾನೇ ಗೋಡೆಗೆ ಚುಚ್ಚಲಿಲ್ವಾ? ರೀಡರಿನ ದೀಪ ಹತ್ತಲಿಲ್ವಾ? ಎರಡನೇ ತಂತಿ ನಿಮ್ಮ ಪಾಲಿಂದು. ಮಾಲೀಕರು ಮೆಟ್ಟಿಲು ಹತ್ತುತಿದಾರೆ. ನಂಬರು ಪರದೆ ಮೇಲೆ ಬರದಿದ್ರೆ ಇವತ್ತೇ ನಿಮ್ಮ ಕೊನೇ ದಿನ.”

ಮೇಜಿನಡಿಯಿಂದ ಅವಳ ತಲೆ ಹೊರಬಂತು.

“ಬಂದ್ರೆ ಕೆಲಸ ಉಳಿಯತ್ತಾ?”

“ಉಳಿಯತ್ತೆ, ಏಳಿ ಮೊದಲು.”

ಅವಳು ಎದ್ದು, ಮೊಣಕಾಲಿನ ಧೂಳು ಕೊಡವಿ, ಕುರ್ಚಿಯನ್ನು ಹೊಟ್ಟೆ ತಾಗುವಷ್ಟು ಮೇಜಿನೊಳಕ್ಕೆ ಎಳೆದುಕೊಂಡು ಕುಳಿತಳು. ಕೀಬೋರ್ಡನ್ನು ಮ್ಯಾನೇಜರ್ ಆಗಲೇ ಮೇಜಿನಡಿಯ ಜಾರು ಹಲಗೆಗೆ ತಳ್ಳಿಸಿದ್ದ. ಹಳೆಯ ಕಾಲದ ಗುರುತು ಮಾಲೀಕರ ಕಣ್ಣಿಗೆ ಬೀಳಬಾರದಲ್ಲ.

“ಪೊಟ್ಟಣ ನನ್ನ ಕಡೆ ತಿರುಗಿಸಿ ಹಿಡೀರಿ ಸಾರ್. ತಂತಿ ಗಿಡ್ಡ.”

ಮಾಲೀಕರು ಬಂದರು. ಮ್ಯಾನೇಜರ್ ಸೂಜಿಯ ಪೊಟ್ಟಣಕ್ಕೆ ರೀಡರ್ ಹಿಡಿದ. ಪೀಂ! ಒಂದು ಉಸಿರಿನಷ್ಟು ತಡೆದು ಹದಿಮೂರು ಅಂಕಿಗಳು ಪರದೆಯ ಮೇಲೆ ಸಾಲಾಗಿ ನಿಂತವು.

“ಅದೇನ್ರೀ ಟಕಟಕ ಸದ್ದು?”

“ಹಳೇ ಕಂಪ್ಯೂಟರ್ ಸಾರ್. ನಂಬರು ಅರಗಿಸಿಕೊಳ್ಳೋವಾಗ ಹೊಟ್ಟೆ ಗುಡುಗುಡು ಅನ್ನತ್ತೆ.”

ಬಾಬಿನ್, ಬೆಲ್ಟು, ಸ್ಪ್ರಿಂಗು. ನಲವತ್ತು ಪೊಟ್ಟಣ, ಒಂದಂಕಿಯೂ ತಪ್ಪಲಿಲ್ಲ. ಮಾಲೀಕರು ಬೆನ್ನು ತಟ್ಟಿದರು; ಮ್ಯಾನೇಜರ್ ಅರ್ಧ ಅಡಿ ಎತ್ತರವಾದ. ಗುಮಾಸ್ತೆಯ ಹಣೆಯಿಂದ ನೀರಿಳಿಯುತ್ತಿತ್ತು.

“ನೋಡಿ ಸಾರ್, ಸುಮ್ನೆ ಕೂತವರಿಗೂ ಬೆವರು!” ಎಂದು ಅವನು ನಕ್ಕ.

“ಹಾಗಾದ್ರೆ ಈಯಮ್ಮನಿಗೆ ಇನ್ನೇನು ಕೆಲಸ?”

“ಏನಿಲ್ಲ ಸಾರ್. ನಾಳೆಯಿಂದ ಮೊಮ್ಮಕ್ಕಳನ್ನ ಆಡಿಸಿಕೊಂಡು ಹಾಯಾಗಿರಲಿ.”

ಅವಳು ತಲೆಯೆತ್ತಿದಳು. “ಉಳಿಯತ್ತೆ ಅಂದಿದ್ರಿ.”

“ಕೆಲಸ ಉಳಿಯತ್ತೆ ಅಂದೆ. ನೀವು ಉಳೀತೀರಿ ಅಂದ್ನಾ?”

“ನಾಳೆವರೆಗೆ ಯಾಕೆ ಸಾರ್, ಈಗಲೇ ಹೊರಟೆ” ಎಂದು ಅವಳು ಹತ್ತೂ ಬೆರಳಿನ ನೆಟಿಕೆ ಮುರಿದು, ಬುತ್ತಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

“ಎಲ್ಲಿ, ಇನ್ನೊಂದು ತೋರಿಸಿ” ಎಂದರು ಮಾಲೀಕರು.

ಪೀಂ! ಪರದೆ ಸುಮ್ಮನಿತ್ತು. ಪೀಂ! ಪೀಂ! ಮಾಲೀಕರು ಕೈಗಡಿಯಾರ ನೋಡಿಕೊಂಡರು. ಕೊನೆಗೆ ಮ್ಯಾನೇಜರ್ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ ಮೇಜಿನಡಿ ತಲೆ ಹಾಕಿದ.

ಎರಡನೆಯ ತಂತಿ ಯಾವ ತೂತಿಗೂ ಸೇರದೆ ನೆಲದ ಮೇಲೆ ಬಿದ್ದಿತ್ತು. ಅವನ ತಲೆಗೆ ತಗುಲಿ ಹೊರಜಾರಿದ ಹಲಗೆಯ ಮೇಲೆ, ಕೀಬೋರ್ಡಿನ ಅಂಕಿಗಳ ಸಾಲು ಅವಳ ಬೆರಳಿನ ಬೆವರಿನಿಂದ ಇನ್ನೂ ಒದ್ದೆಯಾಗಿತ್ತು.